ಉಪ್ಪಿನ ವ್ಯಾಪಾರಿಯ ಪದ್ಯ

"ಗುರುಗಳೇ, ಆಜ್ಞೆಗಳನ್ನು ಪಾಲಿಸಿದರೆ ಸಾಲದೇ? ಅವನ್ನು ಕೂತು ಹಾಡುವುದು ಬೇರೆ ಯಾಕೆ?"

ಚಹಾದಂಗಡಿಯಲ್ಲಿ ಶಿಷ್ಯ ಮೆನಹೇಮ್ ಕೇಳಿದ. ಶಾವೂಓತ್ ಹಬ್ಬ ಹತ್ತಿರ ಬಂದಿತ್ತು. ಆ ಹಬ್ಬದಲ್ಲಿ ಹಾಡುವುದು ಯೆಹೂದ್ಯ ಧರ್ಮದ ಆರುನೂರ ಹದಿಮೂರು ಆಜ್ಞೆಗಳನ್ನೂ ಪೋಣಿಸಿದ ಹೀಬ್ರೂ ಹಾಡು ಅಝಾರೋತ್. ಅದನ್ನು ಬಾಯಿಪಾಠ ಮಾಡಿ ಮಾಡಿ ಅವನಿಗೆ ಸಾಕುಸಾಕಾಗಿತ್ತು.

"ಅಷ್ಟನ್ನೂ ಒಂದೇ ಉಸಿರಿಗೆ ಹಾಡಿದವನು ನಾನು," ಎಂದರು ಗುರು ಓವದ್ಯಾ. "ಸುಳ್ಳು. ಎರಡನೇ ಪದ್ಯಕ್ಕೇ ಕೆಮ್ಮು ಹತ್ತುತ್ತದೆ. ಆದರೆ ಈ ಕತೆ ನಿಜ, ಹೆಚ್ಚುಕಡಿಮೆ. ಕೇಳು."

ಒಬ್ಬ ಉಪ್ಪಿನ ವ್ಯಾಪಾರಿ. ಹಬ್ಬದಲ್ಲಿ ಸಾಲಾಗಿ ಕೂತವರು ಸರದಿಯ ಮೇಲೆ ಒಂದೊಂದು ಪದ್ಯ ಹಾಡುವುದು ಅವನ ಊರಿನ ಪದ್ಧತಿ. ಹಿಂದಿನ ವರ್ಷ ತಡವರಿಸಿ ನಗೆಪಾಟಲಾಗಿದ್ದ. ಈ ಸಲವೂ ಎಡವಿದರೆ ಊರಲ್ಲಿ ತಲೆ ಎತ್ತುವಂತಿಲ್ಲ. ಅದಕ್ಕೇ ಹಬ್ಬದ ಹಿಂದಿನ ದಿನ ತನ್ನ ಪದ್ಯವನ್ನು ಹಾಡಿಕೊಳ್ಳುತ್ತಲೇ ಮನೆಗೆ ಹೊರಟಿದ್ದ. ಹಗೆಯವನ ಕತ್ತೆ ಹೊರೆಯಡಿ ಬಿದ್ದಿದ್ದರೆ ಬಿಟ್ಟು ಹೋಗಬೇಡ, ಹೆಗಲು ಕೊಡು ಎಂಬುದು ಆ ಪದ್ಯ.

ಓಣಿ ತಿರುಗಿದರೆ ಕತ್ತೆಯೊಂದು ಎಣ್ಣೆ ಕೊಡಗಳಡಿ ಬಿದ್ದಿದೆ. ಪಕ್ಕದಲ್ಲಿ ಎಣ್ಣೆ ವ್ಯಾಪಾರಿ. ಪ್ರಾರ್ಥನಾಮಂದಿರದ ಕಿಟಕಿ ಪಕ್ಕದ ಜಾಗಕ್ಕೆ ಜಗಳವಾದ ಮೇಲೆ ಇಬ್ಬರೂ ಮುಖ ಕೊಟ್ಟು ಮಾತಾಡಿದವರಲ್ಲ.

ಉಪ್ಪಿನ ವ್ಯಾಪಾರಿ ಗೋಡೆಗೆ ಅಂಟಿಕೊಂಡು ದಾಟಲು ನೋಡಿದ. ಬಾಯಿ ಮಾತ್ರ ಹಾಡುತ್ತಲೇ ಇತ್ತು. ಬೇರೆ ಪದ್ಯ ಹಿಡಿಯೋಣವೆಂದರೆ ಬರುವುದು ಅದೊಂದೇ.

"ಇಡೀ ಊರಲ್ಲಿ ನಿನ್ನ ಕತ್ತೆಗೆ ಇದೇ ಓಣಿ ಸಿಕ್ಕಿತೇ?" ಎಂದು ರೇಗಿ ನಿಂತ.

"ಆಮೇಲೆ ಬಯ್ಯುವಿಯಂತೆ ಮಾರಾಯ, ಆ ಬದಿ ಹಿಡಿ."

ಹಿಡಿದ. ಸೊಂಟ ಉಳುಕಿತು. ಒಗೆದ ಅಂಗಿಯೆಲ್ಲ ಎಣ್ಣೆಯಾಯಿತು. ಕತ್ತೆ ಏಳುವವರೆಗೂ ಬಯ್ಯುತ್ತಲೇ ಇದ್ದ. ಆ ಬೈಗುಳದ ನಡುವೆ ಪದ್ಯ ಎಲ್ಲೋ ಹಾರಿಹೋಯಿತು.

ಮರುದಿನ ಅವನ ಸರದಿ ಬಂತು. ಎದ್ದು ನಿಂತು ಬಾಯಿ ತೆರೆದ. ಒಂದಕ್ಷರ ಹೊರಡಲಿಲ್ಲ. ಹಿಂದಿನ ಸಾಲಿನವರು ಕಿಸಕ್ಕೆಂದರು. ಆಗ ಕಿಟಕಿ ಪಕ್ಕದಿಂದ ಎಣ್ಣೆ ವ್ಯಾಪಾರಿ ಎದ್ದ.

"ಇವನ ಸರದಿ ನಿನ್ನೆಯೇ ಆಗಿದೆ. ನಾನು ಕೇಳಿದ್ದೇನೆ. ಮುಂದಿನವರು ಹಾಡಿ."

ಮೆನಹೇಮನ ಮುಖ ಅರಳಿತು. "ನೋಡಿದಿರಾ, ಕೊನೆಗೂ ಬೇಕಾದದ್ದು ಕೆಲಸ. ಹಾಡು ಬೇಕಾಗಲೇ ಇಲ್ಲ."

ಗುರು ಹಣೆ ಚಚ್ಚಿಕೊಂಡರು. "ಹಾಡು ಬಾಯಲ್ಲಿ ಇಲ್ಲದಿದ್ದರೆ ಅವನು ಆ ಓಣಿಯಲ್ಲಿ ನಿಲ್ಲುತ್ತಿದ್ದನೇ?"

ಮೆನಹೇಮ್ ಖಾಲಿ ಲೋಟದೊಳಗೆ ಇಣುಕಿದ.

"ಚಹಾದ ಕಾಸು ಕೊಡುವುದಕ್ಕೆ ಮಾತೇನೂ ಬೇಕಿಲ್ಲ," ಎಂದು ಗುರು ಎದ್ದರು.