ನಂದಾ ಕಟ್ಟಿದ ಪುಟ

"ಮತ್ತ ಎದ್ದಳ್ರಿ ಅಕ್ಕೋರ. ನಾಕ ಸಾಲು ಬರಿಯಾಕ ಬಿಡೂದಿಲ್ಲ ಈಕಿ. ನಾ ಕುರ್ಚಿಗೆ ಬೆನ್ನು ಹಚ್ಚೂದನ್ನ ಕಾಯ್ತಿರ್ತಾಳ."

ನಂದಾ ಕಂಪ್ಯೂಟರಿನ ಮುಂದಿನಿಂದ ಎದ್ದಳು. ಸೀರೆಯ ಜೋಳಿಗೆಯಲ್ಲಿ ಅಳುತ್ತಿದ್ದ ಮಗಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು.

ನೀಲಾಂಬಿಕಾ ಅಕ್ಕೋರು ತಾವು ಓದುತ್ತಿದ್ದ ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಬರಿ" ಎಂದರು.

"ಹೆಂಗ ಬರೀಲ್ರಿ? ಹಲ್ಲಿನಿಂದ ಬರೀಲೇನು?"

"ಹಂಗಾದ್ರ ಮಲಗಿಸಿ ಬರಿ."

ನಂದಾ ಮಲಗಿಸಿದಳು. ಮಗು ಮಲಗುವ ಹೊತ್ತಿಗೆ ಬರೆಯಬೇಕೆಂದಿದ್ದ ಮಾತು ಮರೆತುಹೋಗಿತ್ತು.

ಹೊಳೆ ದಂಡೆಯ ಆ ಆಶ್ರಮದಲ್ಲಿ ಹಳೆಯ ಕೊಟ್ಟಿಗೆಗೆ ಸುಣ್ಣ ಬಳಿದು ಐದು ಕಂಪ್ಯೂಟರ್ ಇಟ್ಟಿದ್ದರು. ಸುತ್ತಲ ಊರಿನ ಹೆಣ್ಣುಮಕ್ಕಳಿಗೆ ಅಕ್ಕೋರು ಅಲ್ಲಿ ವೆಬ್‌ಸೈಟ್ ಮಾಡುವುದನ್ನು ಕಲಿಸುತ್ತಿದ್ದರು. ಪುಸ್ತಕ ಇರಲಿಲ್ಲ, ಪರೀಕ್ಷೆ ಇರಲಿಲ್ಲ. ಬಂದ ದಿನವೇ ಒಂದು ಬ್ಲಾಗ್ ತೆರೆಯಬೇಕು. ವಾರಕ್ಕೊಂದು ಬರಹ ಹಾಕಬೇಕು. ಆ ಬರಹ ಕೂರುವ ಪುಟವನ್ನು ತಾನೇ ಕಟ್ಟಬೇಕು.

ಮೊದಲ ದಿನವೇ ನಂದಾ ಜಗಳ ತೆಗೆದಿದ್ದಳು.

"ನಾ ಕಲಿಯಾಕ ಬಂದದ್ದು ಪುಟ ಮಾಡೂದನ್ನ. ಬರಿಯೂದು ಯಾಕ್ರಿ? ಹತ್ತನೇತ್ತೆ ಸಾಲಿ ಆದಮ್ಯಾಲೆ ನಾ ಬರದದ್ದಂದ್ರ ಕಿರಾಣಿ ಚೀಟಿ."

"ಖಾಲಿ ಮನಿಯೊಳಗ ಕಪಾಟು ಎಲ್ಲಿಟ್ಟರೂ ನಡೀತದ" ಎಂದಿದ್ದರು ಅಕ್ಕೋರು. "ಸಾಮಾನು ಬಂದಮ್ಯಾಲೆ ಗೊತ್ತಾಗ್ತದ ಎಲ್ಲಿಡಬೇಕಂತ."

ನಂದಾ ತನಗೆ ಗೊತ್ತಿದ್ದುದನ್ನೇ ಬರೆದಳು. ಹಲ್ಲು ಬರುವಾಗಿನ ಭೇದಿ, ಚುಚ್ಚುಮದ್ದಿನ ಜ್ವರ, ಮಗು ಉಣ್ಣದಿದ್ದರೆ ಓಣಿಯ ಮಂದಿ ಪುಕ್ಕಟೆ ಕೊಡುವ ಬುದ್ಧಿ. ಅವಳ ಬಾಯಿ ಹೇಗೋ ಬರಹವೂ ಹಾಗೇ ಇತ್ತು. ಓದಿದವರು ನಕ್ಕರು.

ಅಲ್ಲಿ ಇನ್ನೊಂದು ಪದ್ಧತಿ ಇತ್ತು. ಹೊಸ ಬರಹ ಹಾಕಿದ ಮೇಲೆ ಫೋನಿನಲ್ಲಿ ಪುಟ ತೆರೆದು ಆಶ್ರಮದ ಯಾರಿಗಾದರೂ ಕೊಡಬೇಕು. ಕೊಟ್ಟವಳು ಹಿಂದೆ ನಿಲ್ಲಬೇಕು. ಬಾಯಿ ಬಿಡುವಂತಿಲ್ಲ, ಬೆರಳು ತೋರಿಸುವಂತಿಲ್ಲ. ಓದುವವರು ಎಲ್ಲಿ ಎಡವುತ್ತಾರೋ ಅಲ್ಲಿ ತಿದ್ದಬೇಕು.

ನಂದಾಳಿಗೆ ಕೋಡ್ ಕಲಿಯುವುದು ಕಷ್ಟವಾಗಲಿಲ್ಲ. ಬಾಯಿ ಮುಚ್ಚಿ ನಿಲ್ಲುವುದು ಕಷ್ಟವಾಯಿತು.

ಆದರೆ ಆ ತಿಂಗಳ ಪುಟದಲ್ಲಿ ಓದುವವರು ಎಲ್ಲೂ ಎಡವಬಾರದಿತ್ತು. ಆಚೆ ದಂಡೆಯ ರೊಟ್ಟಿ ಸಂಘದವರು ತಮ್ಮ ವೆಬ್‌ಸೈಟ್ ಮಾಡಲು ಒಬ್ಬಳನ್ನು ಕೇಳಿದ್ದರು. ಅಮಾವಾಸ್ಯೆಯ ದಿನ ಅಕ್ಕೋರು ಒಬ್ಬಳ ಹೆಸರು ಬರೆದು ಕಳಿಸುವವರಿದ್ದರು. ನಂದಾಳ ಅತ್ತೆಯೂ ಅದೇ ದಿನವನ್ನು ಹಿಡಿದಿದ್ದಳು.

"ಅಮಾಸಿ ತನಕ ನೋಡ್ತೀನಿ. ಕೆಲಸ ಸಿಕ್ಕರ ಹೋಗು. ಇಲ್ಲಂದ್ರ ಕೂಸನ್ನ ಕಟಗೊಂಡು ಹೊಳಿ ದಾಟೂದು ಸಾಕು."

ಅಮಾವಾಸ್ಯೆಗೆ ನಾಲ್ಕು ದಿನ ಇದ್ದಾಗ ನಂದಾ ಫೋನು ಹಿಡಿದು ಅಡುಗೆಮನೆಗೆ ಹೋದಳು. ಅಕ್ಕೋರು ಬಾಗಿಲಲ್ಲಿ ನಿಂತರು.

ಅಡುಗೆಯ ಯಮನವ್ವ ಜೋಳದ ಹಿಟ್ಟು ನಾದುತ್ತಿದ್ದಳು. ಬಲಗೈ ಹಿಟ್ಟಿನಲ್ಲೇ ಇತ್ತು. ಎಡಗೈಯಲ್ಲಿ ಫೋನು ಹಿಡಿದು ಮೊದಲ ಬರಹ ಓದಿದಳು. ನಕ್ಕಳು.

"ಮುಂದಿಂದು ಎಲ್ಲೈತಿ?"

ಮುಂದಿನ ಬರಹಕ್ಕೆ ಹೋಗುವ ಗುಂಡಿಯನ್ನು ನಂದಾ ತೀರಾ ಮೇಲೆ, ಹೆಸರಿನ ಪಕ್ಕದಲ್ಲಿ ಇಟ್ಟಿದ್ದಳು. ಯಮನವ್ವನ ಹೆಬ್ಬೆರಳು ಗಾಜಿನ ಮೇಲೆ ಹತ್ತಿತು, ನಿಂತಿತು, ಇಳಿಯಿತು.

ನಂದಾ ತುಟಿ ಕಚ್ಚಿದಳು. ಬಹಳ ಹೊತ್ತು ಕಚ್ಚಲಾಗಲಿಲ್ಲ.

"ಮ್ಯಾಲ, ಯಮನವ್ವಾ. ಮ್ಯಾಲ ಅಂದ್ರ ಮ್ಯಾಲ. ಕಾಣಂಗಿಲ್ಲೇನು?"

"ಕಾಣತೈತಿ ತಂಗಿ, ಆದ್ರ..."

"ಕಂಡ್ರ ಒತ್ತವ್ವಾ. ಅದೇನು ಕಚ್ಚತೈತೇನು?"

ಯಮನವ್ವ ಫೋನನ್ನು ಗೋಡೆಯ ಗೂಡಿನಲ್ಲಿಟ್ಟಳು. "ಹಿಟ್ಟು ಆರತೈತಿ. ಆಮ್ಯಾಲೆ ನೋಡ್ತೀನಿ ಬಿಡು."

ಹೊರಗೆ ಬಂದ ಮೇಲೆ ಅಕ್ಕೋರು ಹೇಳಿದರು. "ಅಕೀ ಏನೋ ಹೇಳಾಕತ್ತಿದ್ಲು."

"ಏನ ಹೇಳ್ತಾಳ್ರಿ? ಕಣ್ಣು ಮಂಜಾಗ್ಯಾವ. ಹೇಳಾಕ ನಾಚಿಕಿ."

"ಹೌದೇನು?"

"ಮತ್ತೇನ್ರಿ?"

ಅಕ್ಕೋರು ಕೊಟ್ಟಿಗೆಯ ಕಡೆ ನಡೆದರು.

ಎರಡು ದಿನ ನಂದಾ ಆ ಗುಂಡಿಯ ಬೆನ್ನು ಹತ್ತಿದಳು. ಅದನ್ನು ದೊಡ್ಡದು ಮಾಡಿದಳು. ಕೆಂಪು ಬಳಿದಳು. ಅದರ ಪಕ್ಕದಲ್ಲಿ ಮಿನುಗುವ ಬಾಣ ಇಟ್ಟಳು. ಎಲ್ಲವನ್ನೂ ಮಗು ಮಲಗಿದಾಗಲೇ ಮಾಡಬೇಕು. ದಿನಕ್ಕೆ ಎರಡು ಸಲ ಮಲಗುವ ಮಗು ಆ ಎರಡು ದಿನ ಒಂದೊಂದೇ ಸಲ ಮಲಗಿತು. ನಂದಾಳ ಕಣ್ಣುಗಳು ಉರಿಯುತ್ತಿದ್ದವು. ಕುಪ್ಪಸ ಹಾಲಿನಿಂದ ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾಗುತ್ತಿತ್ತು. ಮನೆಗೆ ಹೋಗುವ ದೋಣಿಯಲ್ಲಿ ಕೂತಲ್ಲೇ ತೂಕಡಿಸಿದಳು. ದಂಡೆ ಬಂದದ್ದನ್ನು ಬೇರೆಯವರು ಎಬ್ಬಿಸಿ ಹೇಳಬೇಕಾಯಿತು.

ಮೂರನೆಯ ದಿನ ಮತ್ತೆ ಅಡುಗೆಮನೆ. ಯಮನವ್ವ ಸಾರಿನ ಕೊಪ್ಪರಿಗೆಯ ಮುಂದೆ ನಿಂತು ಸೌಟು ಆಡಿಸುತ್ತಿದ್ದಳು. ಈ ಸಲ ನಂದಾ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ನಿಂತಳು.

ಯಮನವ್ವ ಸೌಟು ಬಿಡಲಿಲ್ಲ. ಇನ್ನೊಂದು ಕೈಯ ಹೆಬ್ಬೆರಳು ಮೇಲೆ ಹೋಯಿತು. ಫೋನು ಅಂಗೈಯಲ್ಲಿ ವಾಲಿತು. ಬೀಳುವಷ್ಟರಲ್ಲಿ ಎದೆಗೆ ಒತ್ತಿ ಹಿಡಿದು, ನಂದಾಳಿಗೆ ತಿರುಗಿ ಕೊಟ್ಟಳು.

"ಚಂದ ಐತಿ ತಂಗಿ. ಮದುವಿ ಮನಿ ಹಂಗ ಕಾಣತೈತಿ."

"ಓದಿದೇನು?"

"ಚಂದ ಐತಿ."

ನಂದಾ ಸೆರಗನ್ನು ಬಾಯಿಂದ ತೆಗೆದಳು. ಬೈಯಲು ಕೂಡ ಶಕ್ತಿ ಇರಲಿಲ್ಲ.

ಅಮಾವಾಸ್ಯೆ ಬಂತು. ಮಧ್ಯಾಹ್ನ ಅಕ್ಕೋರು ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ರೊಟ್ಟಿ ಸಂಘಕ್ಕೆ ಕಾಗದ ಬರೆಯುತ್ತಿದ್ದರು. ಹೆಸರಿನ ಜಾಗವನ್ನು ಬಿಟ್ಟು ಉಳಿದದ್ದೆಲ್ಲ ಬರೆದಾಗಿತ್ತು.

ನಂದಾ ಮಗಳನ್ನು ಹೊತ್ತು ಎದುರಿಗೆ ನಿಂತಳು.

"ಪುಟ ಮುಗಿಸೀನ್ರಿ ಅಕ್ಕೋರ. ತಪ್ಪಿಲ್ಲ, ನೂರು ಸಲ ನೋಡೀನಿ. ಓದವರಿಗೆ ಬುದ್ಧಿ ಇಲ್ಲಂದ್ರ ಅದನ್ನ ಕೋಡಿನಾಗ ಬರಿಯಾಕ ನನಗ ಬರಂಗಿಲ್ಲ."

"ಯಾರಿಗಂತ ಮಾಡೀದಿ ಇದನ್ನ?"

"ಇನ್ಯಾರಿಗ್ರಿ? ನಮ್ಮಂಥ ತಾಯಂದಿರಿಗೆ."

"ಹಂಗಾದ್ರ ನೀನ ಓದಿ ತೋರಿಸು. ಫೋನಿನಾಗ."

ನಂದಾ ಮಗುವನ್ನು ಜೋಳಿಗೆಗೆ ಹಾಕಲು ತಿರುಗಿದಳು.

"ಇರಲಿ" ಎಂದರು ಅಕ್ಕೋರು. "ಎತ್ತಿಕೊಂಡ ಓದು."

ಹೊತ್ತುಕೊಂಡೇ ಓದಿದಳು. ಮೊದಲ ಬರಹ ಮುಗಿಯಿತು. ಹೆಬ್ಬೆರಳು ಕೆಂಪು ಗುಂಡಿಯ ಕಡೆ ಹೊರಟಿತು. ಅರ್ಧ ದಾರಿಯಲ್ಲಿ ನಿಂತಿತು. ಬೆರಳು ಚಾಚಿದಳು, ಫೋನು ವಾಲಿತು. ಫೋನನ್ನು ಕೆಳಗೆ ಜಾರಿಸಿ ಹಿಡಿದು ಮತ್ತೆ ಚಾಚಿದಳು. ಸೊಂಟದ ಮೇಲಿದ್ದ ಮಗು ಜಾರಿತು. ಮಗುವನ್ನು ಹಿಡಿಯಲು ಹೋಗಿ ಫೋನು ಬಿಟ್ಟಳು.

ಫೋನು ಮಣ್ಣಿಗೆ ಬಿತ್ತು. ಮಗು ಬೆಚ್ಚಿ ಅತ್ತಿತು.

ಗುಂಡಿ ಮಾಡುವಾಗೆಲ್ಲ ಅವಳು ಮೇಜಿನ ಮುಂದೆ ಕೂತಿದ್ದಳು. ಮಗು ಮಲಗಿತ್ತು. ಒಂದು ಕೈ ಕೀಲಿಮಣೆಯ ಮೇಲೆ, ಇನ್ನೊಂದು ಮೌಸಿನ ಮೇಲೆ ಇರುತ್ತಿತ್ತು. ದಿನದಲ್ಲಿ ಅದೊಂದೇ ಹೊತ್ತು ಅವಳು ಹಾಗೆ ಕೂರುತ್ತಿದ್ದುದು.

ನಂದಾ ಬಗ್ಗಿ ಫೋನು ಎತ್ತಿಕೊಳ್ಳಲಿಲ್ಲ. ಅಲ್ಲೇ ಕಟ್ಟೆಯ ಅಂಚಿಗೆ ಕೂತಳು.

ಅಕ್ಕೋರು ಪೆನ್ನು ತೆಗೆದು, ಬಿಟ್ಟಿದ್ದ ಜಾಗದಲ್ಲಿ ನಿಧಾನವಾಗಿ ಬರೆದರು. ಮಹಾನಂದಾ ಎಂದು ಅವಳ ಪೂರ್ತಿ ಹೆಸರು ಬರೆದರು. ಕಾಗದ ಮಡಚಿದರು. ಆದರೆ ಅವಳ ಕೈಗೆ ಕೊಡಲಿಲ್ಲ, ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ದೋಣಿ ಹೊರಡಾಕ ಇನ್ನೂ ಹೊತ್ತೈತಿ" ಎಂದರು. "ಒಂದು ಮಾತು ಹೇಳು, ಕಾಗದ ತಗೊಂಡು ಹೋಗು."

"ಕೇಳ್ರಿ."

"ಎರಡೂ ಕೈ ಖಾಲಿ ಇದ್ದಾಕಿಗೆ ಈ ಪುಟ ಮಾಡೀದಿ. ಯಾರು ಅಕೀ?"

ನಂದಾ ಬಾಯಿ ತೆರೆದಳು. ಓಣಿಯ ಮನೆಗಳನ್ನು ಒಂದೊಂದಾಗಿ ನೆನೆದಳು. ಮೊದಲ ಮನೆಯ ಕಸ್ತೂರಿ, ಕೈಯಲ್ಲಿ ಕೊಡ. ಅದರಾಚೆಯ ಶಾಂತವ್ವ, ಕೈಯಲ್ಲಿ ಕಸಬರಿಗೆ. ನಾದಿನಿ, ಅತ್ತೆ, ತವರಿನ ಅವ್ವ. ರೊಟ್ಟಿ ಸಂಘದ ಮೂವತ್ತು ಮಂದಿ. ಒಬ್ಬೊಬ್ಬರ ಮುಖಕ್ಕಿಂತ ಮೊದಲು ಅವರ ಕೈ ಕಾಣುತ್ತಿತ್ತು.

ಆಚೆ ದಂಡೆಯಿಂದ ದೋಣಿಯವನು ಕೂಗಿದ. ಮಗು ಅಳು ನಿಲ್ಲಿಸಿ ಅವಳ ಭುಜಕ್ಕೆ ಒರಗಿತು.

ಅಕ್ಕೋರು ಮಣ್ಣಿನಿಂದ ಫೋನು ಎತ್ತಿ, ಸೆರಗಿನಿಂದ ಗಾಜು ಒರೆಸಿ, ಕಾಗದದ ಪಕ್ಕದಲ್ಲಿಟ್ಟರು.

"ಅವಸರ ಇಲ್ಲ, ನಂದಾ. ಆ ಖಾಲಿ ಕೈಯಾಕಿ ಹೆಸರೇನವ್ವಾ?"