ಮುಳ್ಳುಹಂದಿ ಸಾಕಿದ ನಾಯಿಮರಿ

ಒಂದು ಕಾಡಿನಲ್ಲಿ, ಹೊಳೆ ಬಳಸಿಕೊಂಡು ಹೋಗುವ ದಿಬ್ಬದ ಮೇಲೆ, ಒಂದು ಹಳೆಯ ಅತ್ತಿಮರವಿತ್ತು. ದಿಕ್ಕಿಲ್ಲದ ಮರಿಗಳು ಆ ಮರದ ಕೆಳಗೆ ಬಂದು ಸೇರುತ್ತಿದ್ದವು. ತಾಯಿಯಿಂದ ತಪ್ಪಿಹೋದ ಜಿಂಕೆಮರಿ, ಗೂಡಿನಿಂದ ಬಿದ್ದ ಗಿಳಿಮರಿ, ಕಾಲು ಮುರಿದ ಮುಂಗುಸಿ, ಯಾರೇ ಬರಲಿ, ಬೋರಮ್ಮ ಎಂಬ ಮುದಿ ಕಾಡೆಮ್ಮೆ ನೋಡಿಕೊಳ್ಳುತ್ತಿದ್ದಳು. ಸಾಕುತ್ತೇವೆಂದು ಯಾರಾದರೂ ಕೇಳಿದರೆ ಮರಿಯನ್ನು ಕೊಡುತ್ತಿದ್ದಳು. ಆದರೆ ಸುಮ್ಮನೆ ಕೊಡುತ್ತಿರಲಿಲ್ಲ.

ಆ ಮರಕ್ಕೊಂದು ಕಟ್ಟಳೆ ಇತ್ತು. ಮರಿಯನ್ನು ಏಳು ದಿನ ಮನೆಯಲ್ಲಿಟ್ಟುಕೊಂಡು, ಎಂಟನೆಯ ದಿನ ಬೆಳಿಗ್ಗೆ ಮತ್ತೆ ಮರದಡಿಗೆ ಕರೆತರಬೇಕು. ಅಲ್ಲಿದ್ದ ಚಪ್ಪಟೆ ಕಲ್ಲಿನ ಮೇಲೆ ಅದನ್ನು ನಿಲ್ಲಿಸಬೇಕು. ಆ ಮರಿ ಬೇಕೆನ್ನುವವರು ಯಾರೇ ಆಗಲಿ, ಅಂದು ಬಂದು ಕಲ್ಲಿನಿಂದ ಹತ್ತು ಹೆಜ್ಜೆ ದೂರ ನಿಲ್ಲಬಹುದು. ಯಾರೂ ಕರೆಯಬಾರದು. ಯಾರೂ ತಿನಿಸು ತರಬಾರದು. ಮರಿ ತಾನಾಗಿ ಯಾರ ಬಳಿಗೆ ಹೋಗಿ ಕೂರುತ್ತದೋ ಅವರೇ ಅದರ ಮನೆಯವರು. ಹೆಸರಿಡುವುದೂ ಆಮೇಲೆಯೇ.

ಒಂದು ಬೆಳಿಗ್ಗೆ ಸಣ್ಣಕ್ಕ ಎಂಬ ಮುಳ್ಳುಹಂದಿ ಆ ಮರದಡಿಗೆ ಬಂದು ನಿಂತಳು. ಹಿಂದಿನ ಬೇಸಿಗೆಯ ಕಾಳ್ಗಿಚ್ಚಿನಲ್ಲಿ ಅವಳ ಒಂದೇ ಒಂದು ಮರಿ ಹೊಗೆ ಕುಡಿದು ಸತ್ತಿತ್ತು. ಅಂದಿನಿಂದ ಅವಳು ತನ್ನ ಬಿಲದ ಒಳಕೋಣೆಗೆ ಹೋಗಿರಲಿಲ್ಲ. ಬಾಗಿಲ ಬಳಿಯೇ ಮಲಗುತ್ತಿದ್ದಳು.

"ಯಾವ ಮರಿ ಬೇಕಮ್ಮ ನಿನಗೆ?" ಎಂದು ಬೋರಮ್ಮ ಕೇಳಿದಳು.

"ಬೇರೆ ಯಾರೂ ಕೇಳದೆ ಇರೋದು ಯಾವುದಾದರೂ ಇದ್ದರೆ ಕೊಡಿ."

ಬೋರಮ್ಮ ಕೊಂಬಿನಿಂದ ತೋರಿಸಿದಳು. ಬೇರಿನ ಮರೆಯಲ್ಲಿ ಒಂದು ಕುಳ್ಳ ನಾಯಿಮರಿ ಕೂತಿತ್ತು. ಬಿಳಿ ಮೈ, ಗಲ್ಲದ ಕೆಳಗೆ ಒರಟು ಗಡ್ಡ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿತ್ತು.

"ಪೇಟೆಯವರು ಜೀಪಿನಲ್ಲಿ ತಂದು ಹೊಳೆದಾರಿಯಲ್ಲಿ ಇಳಿಸಿ ಹೋದರು. ಮೂರು ದಿನ ಜೀಪು ಹೋದ ದಾರಿಯನ್ನೇ ನೋಡುತ್ತ ಕೂತಿತ್ತು. ಪೇಟೆ ಕಂಡು ಬಂದ ಮೈನಾ ಹೇಳಿತು, ಇದು ಟೆರಿಯರ್ ಅನ್ನೋ ಜಾತಿಯಂತೆ. ಮಣ್ಣು ಅಗೆಯದೆ ಇರಲಾರದಂತೆ. ಅದಕ್ಕೇ ಬಿಲದಲ್ಲಿರೋ ಯಾರೂ ಇದನ್ನು ಕೇಳಲಿಲ್ಲ."

"ನಾನೂ ಬಿಲದಲ್ಲೇ ಇರೋದು."

"ಗೊತ್ತು. ಯೋಚನೆ ಮಾಡಿ ಹೇಳು."

ಸಣ್ಣಕ್ಕ ಬೇರಿನ ಹತ್ತಿರ ಹೋದಳು. "ನನ್ನ ಜೊತೆ ಬರ್ತೀಯಾ?"

ಮರಿ ಅವಳನ್ನು ಒಂದು ಸಲ, ದಾರಿಯನ್ನು ಒಂದು ಸಲ ನೋಡಿತು. "ನೀನೂ ಎಲ್ಲಾದರೂ ಇಳಿಸಿ ಹೋಗ್ತೀಯಾ?"

"ನನ್ನ ಹತ್ತಿರ ಜೀಪಿಲ್ಲ," ಎಂದಳು ಸಣ್ಣಕ್ಕ.

ಮರಿ ಎದ್ದು ಅವಳ ಹಿಂದೆ ನಡೆಯಿತು.

ಮರಿ ಮನೆಗೆ ಬಂದದ್ದೇ ತಡ, ಸಣ್ಣಕ್ಕನಿಗೆ ದಿಗಿಲು ಶುರುವಾಯಿತು. ಮರಿ ಕೆಮ್ಮಿದರೆ ದಿಗಿಲು, ಕೆಮ್ಮದೆ ಸುಮ್ಮನಿದ್ದರೆ ಇನ್ನೂ ದಿಗಿಲು. ಅದು ಮಲಗಿದಾಗ ಹೊಟ್ಟೆ ಏರಿಳಿಯುತ್ತಿದೆಯೇ ಎಂದು ನೋಡುತ್ತ ಕೂರುತ್ತಿದ್ದಳು. ಎಂಟನೆಯ ದಿನ ಇದು ನನ್ನ ಕಡೆ ಬರುತ್ತದೆಯೇ? ಬರದಿದ್ದರೆ? ಆ ಬಿಲಕ್ಕೆ ಮತ್ತೆ ಒಬ್ಬಳೇ ಹಿಂತಿರುಗುವುದನ್ನು ನೆನೆದು ಅವಳು ಮರಿಯ ಪಕ್ಕಕ್ಕೆ ಇನ್ನಷ್ಟು ಸರಿಯುತ್ತಿದ್ದಳು.

"ನನ್ನ ಹೆಸರೇನು?" ಎಂದು ಮರಿ ದಿನಕ್ಕೆ ನಾಲ್ಕು ಸಲ ಕೇಳುತ್ತಿತ್ತು.

"ಎಂಟನೆಯ ದಿನ ಹೇಳ್ತೀನಿ."

"ಈಗಲೇ ಹೇಳಿದರೆ ಏನಾಗುತ್ತೆ?"

ಸಣ್ಣಕ್ಕ ಒಂದು ಗೆಣಸನ್ನು ಅದರ ಮುಂದೆ ತಳ್ಳಿದಳು. ಹೆಸರಿಟ್ಟ ಮೇಲೆ ಕಳೆದುಕೊಳ್ಳುವುದು ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು.

ಎರಡನೆಯ ದಿನ ನೆರೆಯ ನರಿ ಜವರಪ್ಪ ಬಂದ. ನಯವಾದ ಮೈ, ನಯವಾದ ಮಾತು. ಮರಿ ಅಂಗಳದಲ್ಲಿ ಮಣ್ಣು ಕೆದರುತ್ತಿದ್ದುದನ್ನು ಅವನು ಬಹಳ ಹೊತ್ತು ನೋಡಿದ.

"ಒಳ್ಳೆ ಕೆಲಸ ಮಾಡಿದೆ ಸಣ್ಣಕ್ಕ. ಆದರೆ ಒಂದು ಮಾತು, ತಪ್ಪು ತಿಳ್ಕೋಬೇಡ."

"ಏನು, ಹೇಳು ಜವರಪ್ಪ."

"ನಿನ್ನ ಮೈಮೇಲಿರೋದು ಹೂವಲ್ಲವಲ್ಲ. ನಿದ್ದೇಲಿ ಒಂದು ಸಲ ಮಗ್ಗುಲು ಬದಲಿಸಿದೆ ಅಂದ್ಕೋ. ಆ ಮರಿಯ ಕಣ್ಣು ಉಳಿಯುತ್ತಾ? ಸ್ವಲ್ಪ ದೂರದಲ್ಲಿಡು. ಹತ್ತಿರ ಬಂದರೆ ಗದರಿಸು. ಅದರ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಸಣ್ಣಕ್ಕ ತನ್ನ ಬೆನ್ನನ್ನು ತಿರುಗಿ ನೋಡಿಕೊಂಡಳು. ಇಷ್ಟು ದೊಡ್ಡ ವಿಷಯ ತನಗೆ ಹೊಳೆಯಲಿಲ್ಲವಲ್ಲ ಎಂದುಕೊಂಡಳು. ಅಂದೇ ಒಣ ಎಲೆ ತಂದು, ಬಾಗಿಲಿನಿಂದ ಆರು ಹೆಜ್ಜೆ ಆಚೆ ಮರಿಗೆ ಹಾಸಿಗೆ ಮಾಡಿದಳು. ಅದು ಬಳಿಗೆ ಬಂದರೆ "ಅಲ್ಲೇ ಇರು" ಎನ್ನುತ್ತಿದ್ದಳು. ತಾನು ಬೆನ್ನನ್ನು ಗೋಡೆಗೆ ಒತ್ತಿಕೊಂಡು, ಮೈ ಅಲ್ಲಾಡಿಸದೆ ಕೂರುತ್ತಿದ್ದಳು. ಮರಿ ಎಲೆಯ ಮೇಲೆ ಮುದುರಿಕೊಂಡು ಅವಳನ್ನೇ ನೋಡುತ್ತಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಹೊರಗೆ ಒಂದು ಒಣಕೊಂಬೆ ಲಟಕ್ಕನೆ ಮುರಿದು ಬಿತ್ತು. ಮರಿ ಹೆದರಿ ಓಡಿಬಂದು, ಸಣ್ಣಕ್ಕನ ಗಲ್ಲದ ಕೆಳಗೆ ಮೂತಿ ತೂರಿಸಿತು.

"ದೂರ ಹೋಗು, ಚುಚ್ಚುತ್ತೆ."

"ಇಲ್ಲಿ ಚುಚ್ಚಲ್ಲ," ಎಂದಿತು ಮರಿ.

ಸಣ್ಣಕ್ಕ ಅಲ್ಲಾಡಲಿಲ್ಲ. ಮರಿ ಹೇಳಿದ್ದು ನಿಜ. ಅವಳ ಮುಖ, ಕೊರಳು, ಎದೆ, ಇಲ್ಲೆಲ್ಲೂ ಮುಳ್ಳಿರಲಿಲ್ಲ, ಮೆತ್ತಗಿನ ಕೂದಲಿತ್ತು. ಅವಳ ಮರಿಯೂ ಅಲ್ಲೇ ಮಲಗುತ್ತಿತ್ತು. ಆ ಜಾಗವನ್ನು ಅವಳು ಮರೆತೇಬಿಟ್ಟಿದ್ದಳು. ಅಂದಿನಿಂದ ಎಲೆಯ ಹಾಸಿಗೆ ಖಾಲಿ ಬಿತ್ತು.

ಮುಳ್ಳುಹಂದಿಗಳು ಗೆಡ್ಡೆಗೆಣಸು ತಿಂದು ಬದುಕುವವು. ಆದರೆ ಸಂಜೆ ಹೊತ್ತು ಒಂದು ಹಳೆಯ ಮೂಳೆಯನ್ನು ಕಟಕಟನೆ ಕಡಿಯದಿದ್ದರೆ ಅವುಗಳ ಹಲ್ಲಿಗೆ ಸಮಾಧಾನವಿಲ್ಲ. ಮನೆಯೊಳಗಿನ ಅಭ್ಯಾಸವಾದ್ದರಿಂದ ಕಾಡಿನಲ್ಲಿ ಇದು ಎಲ್ಲರಿಗೂ ಗೊತ್ತಿರಲಿಲ್ಲ. ಅಂದು ಸಂಜೆ ಮರಿ ಅದನ್ನು ಕಂಡು ಕುಣಿದಾಡಿತು.

"ನೀನೂ ಮೂಳೆ ತಿಂತೀಯಾ?"

"ತಿನ್ನಲ್ಲ. ಕಡೀತೀನಿ ಅಷ್ಟೆ."

"ಹಾಗಾದರೆ ಆ ತುದಿ ನಿನಗೆ, ಈ ತುದಿ ನನಗೆ."

ಮರುದಿನ ಸಂಜೆ ಮರಿ ಹೊರಗಿನಿಂದ ಒಂದು ಹೊಸ ಮೂಳೆಯನ್ನೇ ಕಚ್ಚಿಕೊಂಡು ಬಂತು. ಅದರಲ್ಲಿ ಇನ್ನೂ ಮಾಂಸವಿತ್ತು. ಅದನ್ನು ಸಣ್ಣಕ್ಕನ ಮುಂದೆ ಇಟ್ಟು ಬಾಲ ಆಡಿಸಿತು.

"ಇದೆಲ್ಲಿ ಸಿಕ್ಕಿತು?"

"ನರಿ ಮಾವ ಹೊಳೆ ದಂಡೇಲಿ ಹೂತಿಟ್ಟಿರ್ತಾನೆ. ನಾನು ವಾಸನೆ ಹಿಡಿದು ಅಗೆದು ತೆಗೀಬೇಕು. ತೆಗೆದರೆ ಶಭಾಷ್ ಅಂತಾನೆ. ಚೆನ್ನಾಗಿ ಕಲಿತರೆ ಕಲ್ಲುಗುಡ್ಡೆ ಹತ್ತಿರ ದೊಡ್ಡ ದೊಡ್ಡ ಬಿಲ ತೋರಿಸ್ತಾನಂತೆ."

ಸಣ್ಣಕ್ಕನ ಮುಳ್ಳೆಲ್ಲ ನೆಟ್ಟಗಾದವು. ಕಲ್ಲುಗುಡ್ಡೆಯ ಕೆಳಗಿದ್ದದ್ದು ಮೊಲಗಳ ಬಿಲಗಳು. ಅಲ್ಲಿನ ಗಟ್ಟಿನೆಲಕ್ಕೆ ಜವರಪ್ಪನ ಉಗುರು ನಾಟುತ್ತಿರಲಿಲ್ಲ. ಅವನಿಗೆ ಅಗೆಯುವವನೊಬ್ಬ ಬೇಕಾಗಿತ್ತು. ಮರಿಯನ್ನು ದೂರವಿಡು ಎಂದು ಅವನು ಏಕೆ ಹೇಳಿದನೆಂದು ಅವಳಿಗೆ ಈಗ ಅರ್ಥವಾಯಿತು.

ಬೋರಮ್ಮನಿಗೆ ಹೇಳಬೇಕೆಂದು ಅವಳು ಹೊರಟಳು. ಅರ್ಧ ದಾರಿಯಲ್ಲಿ ಕಾಲು ನಿಂತಿತು. ಬಿಲ ಅಗೆಯುವುದನ್ನು ಕಲಿಯುತ್ತಿರುವ ಮರಿ ಕಾಡಿನಲ್ಲಿರುವುದೇ ಬೇಡ ಎಂದು ಬೋರಮ್ಮ ಹೇಳಿಬಿಟ್ಟರೆ? ಅವಳು ಹಿಂತಿರುಗಿದಳು. ಮರುದಿನವೂ ಹೊರಟು, ಮರುದಿನವೂ ಹಿಂತಿರುಗಿದಳು. ಮೊಲಗಳ ಮನೆಯ ಮುಂದೆಯೇ ಹಾದುಬಂದರೂ ತಲೆಯೆತ್ತಲಿಲ್ಲ. ಮರಿಯನ್ನು ಮಾತ್ರ ಹೊಳೆಯ ಕಡೆ ಬಿಡಲಿಲ್ಲ.

ಏಳನೆಯ ದಿನ ಜವರಪ್ಪ ಬಾಗಿಲಲ್ಲಿ ನಿಂತು ನಕ್ಕ. "ನಾಳೆ ನಾನೂ ಬರ್ತೀನಿ ಸಣ್ಣಕ್ಕ. ನಿನ್ನ ಕಡೆ ಬರಲಿಲ್ಲ ಅಂತ ಬೇಜಾರು ಮಾಡ್ಕೋಬೇಡ. ಮಕ್ಕಳಿಗೆ ನಯವಾದ ಮೈ ಬೇಕು, ಮುಳ್ಳಿನ ಪೊದೆ ಅಲ್ಲ."

ಎಂಟನೆಯ ದಿನ ಸಣ್ಣಕ್ಕ ಮರಿಯೊಂದಿಗೆ ಹೋದಾಗ ಜವರಪ್ಪ ಆಗಲೇ ಬಂದು ನಿಂತಿದ್ದ. ಬೋರಮ್ಮ ಕಲ್ಲಿನ ಆಚೆ ಬದಿಗೆ ಜಾಗ ತೋರಿಸಿದರೂ ಅವನು ಕದಲಲಿಲ್ಲ.

"ಇಲ್ಲೇ ಇರ್ತೀನಿ ಬೋರಮ್ಮ. ಇಲ್ಲಿ ನೆರಳಿದೆ."

"ಬಾಯಿ ತೆರೆ. ಕಾಲೆತ್ತು," ಎಂದು ಬೋರಮ್ಮ ಇಬ್ಬರನ್ನೂ ಪರೀಕ್ಷೆ ಮಾಡಿದಳು. ಯಾರ ಬಳಿಯೂ ತಿನಿಸಿರಲಿಲ್ಲ. ಮರಿಯನ್ನು ಕಲ್ಲಿನ ಮೇಲೆ ನಿಲ್ಲಿಸಿದಳು.

ಸಣ್ಣಕ್ಕನ ಬಾಲದ ಮುಳ್ಳುಗಳು ಹೆದರಿಕೆಗೆ ಗಲಗಲ ಅನ್ನತೊಡಗಿದವು. ಆ ಸದ್ದಿಗೆ ಮರಿ ಬೆದರೀತೆಂದು ಅವಳು ಬಾಲವನ್ನು ಕಾಲಿನ ಕೆಳಗೆ ಅದುಮಿಕೊಂಡಳು. ಮರಿ ಅವಳನ್ನು ನೋಡಿತು. ಆಮೇಲೆ ಮೂಗೆತ್ತಿತು. ಗಾಳಿಯನ್ನು ಮೂಸಿತು. ಕಲ್ಲಿನಿಂದ ಜಿಗಿದು ನೇರವಾಗಿ ಜವರಪ್ಪನ ಕಡೆ ಓಡಿತು.

ಸಣ್ಣಕ್ಕ ಕಣ್ಣು ಮುಚ್ಚಿಕೊಂಡಳು.

"ನೋಡಿದಿರಾ ಬೋರಮ್ಮ," ಎಂದು ಜವರಪ್ಪ ಹೇಳಿದ್ದು ಕೇಳಿಸಿತು. ಅದರ ಹಿಂದೆಯೇ ಪರಪರ ಮಣ್ಣು ಹಾರುವ ಸದ್ದು. "ಏ, ಸಾಕು. ಕೂತ್ಕೋ. ಈಗಲ್ಲ ಕಣೋ."

ಸಣ್ಣಕ್ಕ ಕಣ್ಣು ಬಿಟ್ಟಳು. ಮರಿ ಜವರಪ್ಪನ ಕಾಲುಗಳ ನಡುವೆ ತಲೆ ತೂರಿಸಿ ಅಗೆಯುತ್ತಿತ್ತು. ಜವರಪ್ಪ ಆ ಗುಂಡಿಯ ಮೇಲೆ ಕೂರಲು ನೋಡಿದ. ಅವನ ಮುಖಕ್ಕೇ ಮಣ್ಣು ಬಿತ್ತು. ಒಂದು ಗಳಿಗೆಯಲ್ಲಿ ಮರಿ ಒಂದು ದಪ್ಪ ಮೂಳೆಯನ್ನು ಎಳೆದು ತೆಗೆಯಿತು. ಜವರಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ಮೂಳೆಯ ಭಾರಕ್ಕೆ ಅತ್ತಿತ್ತ ವಾಲುತ್ತ, ಕಲ್ಲನ್ನು ಬಳಸಿಕೊಂಡು ಬಂದು, ಅದನ್ನು ಸಣ್ಣಕ್ಕನ ಮುಂದೆ ಇಟ್ಟಿತು. ಅವಳ ಗಲ್ಲದ ಕೆಳಗೆ ಹೋಗಿ ಕೂತಿತು.

"ಆ ತುದಿ ನಿನಗೆ," ಎಂದಿತು.

ಬೋರಮ್ಮ ಗುಂಡಿಯ ಬಳಿಗೆ ನಡೆದು ಬಗ್ಗಿ ನೋಡಿದಳು. "ಜವರಪ್ಪ, ಅತ್ತಿಮರದ ಬುಡದಲ್ಲಿ ಮೂಳೆ ಮೊಳೆಯೋದನ್ನ ನಾನು ಇವತ್ತೇ ನೋಡಿದ್ದು."

"ಯಾರೋ ಹೂತಿಟ್ಟಿರಬೇಕು ಬೋರಮ್ಮ."

"ನರಿ ಮಾವ ದಿನಾ ಹೀಗೇ ಹೂತಿಡ್ತಾನೆ," ಎಂದಿತು ಮರಿ, ಮೂಳೆ ಕಡಿಯುತ್ತಲೇ. "ಕಲ್ಲುಗುಡ್ಡೆ ಬಿಲ ಯಾವತ್ತು ತೋರಿಸ್ತೀಯ ಮಾವ?"

ಜವರಪ್ಪ ಓಡಲು ನೋಡಿದ. ಬೋರಮ್ಮನ ಕೊಂಬು ಅಡ್ಡ ಬಂತು.

ಸಣ್ಣಕ್ಕ ಮೆಲ್ಲಗೆ ಹೇಳಿದಳು. "ನನಗಿದು ಮೂರು ದಿನದ ಹಿಂದೆಯೇ ಗೊತ್ತಿತ್ತು. ಮರಿಯನ್ನು ವಾಪಸು ತಗೋತೀರಿ ಅಂತ ಹೆದರಿ ಹೇಳಲಿಲ್ಲ."

"ಹೇಳಬೇಕಿತ್ತು," ಎಂದಳು ಬೋರಮ್ಮ. "ಮೊಲಗಳಿಗೂ ಮರಿಗಳಿವೆ."

"ಹೌದು," ಎಂದು ಸಣ್ಣಕ್ಕ ತಲೆ ತಗ್ಗಿಸಿದಳು.

ಕಟ್ಟಳೆ ಮುರಿದದ್ದಕ್ಕೆ ಜವರಪ್ಪನಿಗೆ ಶಿಕ್ಷೆಯಾಯಿತು. ಮುಂದಿನ ಮಳೆಗಾಲದವರೆಗೆ ಅವನು ದಿನವೂ ಬೆಳಿಗ್ಗೆ ಹೊಳೆಯ ಏಡಿ ಹಿಡಿದು ತಂದು ಮರದಡಿಯಲ್ಲಿ ಏಡಿ ತಿನ್ನುವ ಮರಿಗಳಿಗೆ ಕೊಡಬೇಕು. "ಕಣ್ಣಿಗೆ ಕಾಣೋ ಹಾಗೆ ಇಡು," ಎಂದಳು ಬೋರಮ್ಮ. "ಹೂತಿಡಬೇಡ." ಏಡಿ ಹಿಡಿದು ಹಿಡಿದು ಅವನ ನಯವಾದ ಮೂತಿ ಊದಿಕೊಂಡಿತು. ಮೊಲಗಳು ಕಲ್ಲುಗುಡ್ಡೆಯ ಮೇಲೆ ಸಾಲಾಗಿ ಕೂತು ಅದನ್ನು ನೋಡುತ್ತಿದ್ದವು.

"ಇನ್ನು ಹೆಸರಿಡಮ್ಮ," ಎಂದಳು ಬೋರಮ್ಮ.

ಸಣ್ಣಕ್ಕನ ನಾಲಿಗೆಯ ತುದಿಗೆ ಒಂದು ಹಳೆಯ ಹೆಸರು ಬಂತು. ಅವಳು ಅದನ್ನು ಹೇಳಲಿಲ್ಲ. ಅದು ಬೇರೊಬ್ಬರದಾಗಿತ್ತು. ಮರಿಯ ಗಡ್ಡಕ್ಕೆ ಮೆತ್ತಿದ ಮಣ್ಣನ್ನು, ಮಣ್ಣಾದ ನಾಲ್ಕು ಪಾದಗಳನ್ನು ನೋಡಿದಳು.

"ಗುದ್ದಲಿ," ಎಂದಳು.

"ಅದೂ ಒಂದು ಹೆಸರೇನಮ್ಮ?" ಬೋರಮ್ಮ ನಕ್ಕಳು.

"ಇವನಿಗೆ ಒಪ್ಪುತ್ತೆ. ನಾಳೆಯಿಂದ ನನಗೆ ಗೆಡ್ಡೆ ಅಗೆದು ಕೊಡ್ತಾನೆ."

ಮನೆಗೆ ಬಂದ ಗುದ್ದಲಿ ನೇರವಾಗಿ ಒಳಕೋಣೆಗೆ ಹೋದ. ಸಣ್ಣಕ್ಕ ಬಾಗಿಲಲ್ಲೇ ನಿಂತಳು.

"ಇಲ್ಲಿ ಯಾರಿದ್ದರು?" ಎಂದು ಅವನು ಒಳಗಿನಿಂದ ಕೇಳಿದ.

ಸಣ್ಣಕ್ಕ ತಲೆ ತಗ್ಗಿಸಿ, ಮುಳ್ಳುಗಳನ್ನು ಮಡಿಸಿಕೊಂಡು, ಒಳಗೆ ನಡೆದಳು. "ನನ್ನ ಮರಿ ಇತ್ತು. ಹೇಳ್ತೀನಿ, ಇಲ್ಲಿ ಬಾ, ಈ ಕಡೆ ಕೂತ್ಕೋ," ಎಂದಳು.

ನೀತಿ: ಆಸೆ ತೋರಿಸಿ ಸೆಳೆಯುವವನು ತಾನು ಒಡ್ಡಿದ ಆಸೆಯಿಂದಲೇ ಸಿಕ್ಕಿಬೀಳುತ್ತಾನೆ, ಹತ್ತಿರ ಕೂರಿಸಿಕೊಂಡು ಹಂಚಿ ತಿಂದವರನ್ನೇ ಜೀವ ನಂಬುತ್ತದೆ.