ಜರಡಿಯ ಮೇಲೆ ಉಳಿದ ಇರುವೆ

ಒಂದು ಸೇರು ರಾಗಿ ಹಿಟ್ಟು ಜರಡಿ ಹಿಡಿಯುವಷ್ಟರಲ್ಲಿ ನನ್ನ ಮಗಳು ಜಾಹ್ನವಿ ನಾಲ್ಕನೇ ಸಲ ಕೆಲಸ ಕೆಡಿಸಿದಳು.

"ಅಮ್ಮಾ, ಹಿಟ್ಟು ಕೆಳಗೆ ಬಿತ್ತು, ಇರುವೆ ಯಾಕೆ ಮೇಲೇ ಉಳೀತು? ಅದು ಇನ್ನೂ ಸಣ್ಣಗೆ ಯಾಕಾಗಲಿಲ್ಲ?"

"ಹೇಳ್ತೀನಿ, ಕೇಳಿಸ್ಕೊ. ಮಧ್ಯೆ ಬಾಯಿ ಹಾಕಿದರೆ ಜರಡಿ ನಿನ್ನ ಕೈಗೆ."

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬೀಸುವ ಅಜ್ಜಿಯೊಬ್ಬಳು ಎಲ್ಲ ಜೀವಿಗಳನ್ನೂ ಒಂದೇ ಹಿಟ್ಟು ಕಲಸಿ ಮಾಡುತ್ತಿದ್ದಳು. ಆನೆಗೆ ಒಂದು ಕಣಜ ಹಿಟ್ಟು. ಇಲಿಗೆ ಒಂದು ಹಿಡಿ.

ಆಗ ಇರುವೆಯೂ ಇಲಿಯಷ್ಟೇ ಇತ್ತು. ಕೋಳಿ ದೂರದಿಂದಲೇ ನೋಡಿ ಓಡಿ ಬರುತ್ತಿತ್ತು. ಇರುವೆಯ ಅಕ್ಕತಂಗಿಯರಲ್ಲಿ ಅರ್ಧ ಜನ ಕೋಳಿಯ ಹೊಟ್ಟೆ ಸೇರಿದ್ದರು.

"ಅಜ್ಜೀ, ನನ್ನನ್ನು ಸಣ್ಣಗೆ ಮಾಡು" ಎಂದಿತು ಇರುವೆ.

ಅಜ್ಜಿ ಅದರ ಮೈಯಿಂದ ಹಿಟ್ಟು ತೆಗೆದಳು. ಇರುವೆ ಜೀರುಂಡೆಯಷ್ಟಾಯಿತು. ಕೋಳಿ ಆಗಲೂ ಕುಕ್ಕಲು ಬಂತು.

"ಅಜ್ಜೀ, ಇನ್ನೂ ಸಣ್ಣಗೆ."

ಅಜ್ಜಿ ಇನ್ನಷ್ಟು ತೆಗೆದಳು. ಇರುವೆ ಧೂಳಿನಷ್ಟಾಯಿತು. ಈಗ ಕೋಳಿಗೆ ಕಾಣಲೇ ಇಲ್ಲ.

ಆದರೆ ಗಾಳಿ ಬಂತು. "ಏ ಧೂಳೇ, ಅತ್ತ ಸರಿ" ಎಂದು ಊದಿತು. ಇರುವೆ ಹೋಗಿ ಇಬ್ಬನಿಯ ಹನಿಯೊಂದರ ಮೇಲೆ ಬಿತ್ತು.

"ಬಂದೆಯಾ? ಇರು" ಎಂದಿತು ಹನಿ. ಬಿಡಲಿಲ್ಲ. ಆನೆ ಮೈಕೊಡವಿದರೆ ಉದುರಿ ಹೋಗುವ ನೀರು ಇರುವೆಗೆ ಅಂಟಾಯಿತು. ಒಂದು ಕಾಲು ಕಿತ್ತರೆ ಇನ್ನೊಂದು ಸಿಕ್ಕಿಕೊಳ್ಳುತ್ತಿತ್ತು.

ಉಸಿರು ನಿಲ್ಲುವ ಹೊತ್ತಿಗೆ ಅಜ್ಜಿ ಹುಲ್ಲುಕಡ್ಡಿಯಿಂದ ಎತ್ತಿದಳು.

"ಅಜ್ಜೀ, ಇನ್ನೂ ಸಣ್ಣಗೆ ಮಾಡು. ಹನಿಗೂ ಸಿಗಬಾರದು."

"ಹುಚ್ಚೀ, ಹಿಟ್ಟು ಕಡಿಮೆ ಮಾಡಬಹುದು. ಹಿಟ್ಟಿನ ಕಣವನ್ನು ಇದಕ್ಕಿಂತ ನುಣ್ಣಗೆ ಮಾಡೋಕೆ ನನ್ನ ಬೀಸುವ ಕಲ್ಲಿಗೂ ಆಗಲ್ಲ. ಆನೆಗೂ ಅದೇ ಕಣ, ನಿನಗೂ ಅದೇ. ಇನ್ನೊಂದು ಚಿಟಿಕೆ ತೆಗೆದರೆ, ಹೊಟ್ಟೆ ಮಾಡಿದ ಮೇಲೆ ಕಣ್ಣಿಗೆ ಹಿಟ್ಟಿರಲ್ಲ. ಕಣ್ಣು ಮಾಡಿದರೆ ಕಾಲಿಗಿರಲ್ಲ. ಯಾವುದು ಬಿಡ್ತೀಯ?"

ಇರುವೆ ತನ್ನ ಆರು ಕಾಲುಗಳನ್ನೂ ಒಮ್ಮೆ ನೋಡಿಕೊಂಡಿತು.

"ಯಾವುದನ್ನೂ ಬಿಡಲ್ಲ. ಸ್ವಲ್ಪ ಹಿಟ್ಟು ವಾಪಸ್ ಹಾಕು."

ಗಾಳಿಗೆ ಹಾರದಷ್ಟು, ಹನಿಯಿಂದ ಕಾಲು ಕಿತ್ತುಕೊಳ್ಳುವಷ್ಟು ಹಾಕಿದಳು ಅಜ್ಜಿ. ಕೋಳಿಗೆ ಮತ್ತೆ ಕಾಣುವಂತಾಯಿತು. ಅದಕ್ಕೆ ಅಜ್ಜಿಯಾದರೂ ಏನು ಮಾಡಿಯಾಳು?

ಅದಕ್ಕೇ ಇವತ್ತಿಗೂ ಇರುವೆ ನೀರಿನ ಹನಿ ಕಂಡರೆ ಸುತ್ತು ಹಾಕಿಕೊಂಡು ಹೋಗುತ್ತದೆ, ಜರಡಿಗೆ ಬಿದ್ದರೆ ಮೇಲೇ ಉಳಿಯುತ್ತದೆ.

ಜಾಹ್ನವಿ ಹಿಟ್ಟಿನಲ್ಲಿ ಬೆರಳಾಡಿಸುತ್ತ ಕೂತಳು. ಕಥೆ ಮುಗಿಯಿತೆಂದು ನಾನು ಜರಡಿ ಎತ್ತಿಕೊಂಡೆ. ಆಗ ಅವಳು ಕೇಳಿದಳು:

"ಅಮ್ಮಾ, ಅಜ್ಜಿ ಬೀಸೋಕೆ ಮುಂಚೆ ಆ ಹಿಟ್ಟು ಕಾಳಾಗಿತ್ತಲ್ಲ, ಆ ಕಾಳು ಎಷ್ಟು ದೊಡ್ಡದಿತ್ತು?"